ಹೆಪ್ಪಿನ ಮನೆಯ ಇಪ್ಪತ್ತೆರಡನೆಯ ಬಾಗಿಲು

ಆ ಊರಿನಲ್ಲಿ ಹೇಳುವವರು ನೋಡಬಾರದು, ಮಾಡುವವರು ಮಾತಾಡಬಾರದು. ಈ ಕಟ್ಟಳೆಯನ್ನು ಮಾಡಿದವರು ಯಾರೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದನ್ನು ಮುರಿಯುವ ಧೈರ್ಯವೂ ಯಾರಿಗೂ ಬಂದಿರಲಿಲ್ಲ.

ಊರಿನ ಕೆಲಸವೆಲ್ಲ ನಡೆಯುತ್ತಿದ್ದದ್ದು ಒಂಟಿ ಮನೆಗಳಲ್ಲಿ. ಎಣ್ಣೆಯ ಮನೆ, ನೂಲಿನ ಮನೆ, ಉಪ್ಪಿನ ಮನೆ, ಹೆಪ್ಪಿನ ಮನೆ. ಒಂದೊಂದು ಮನೆಯೊಳಗೂ ಒಬ್ಬ ಮಾಡುವವನು. ಒಳಗೆ ಹೋದವನು ಮತ್ತೆ ಹೊರಗೆ ಬರುವುದಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಆ ಮನೆ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಅವನಿಗೆ ಹೇಳುವವರು ಒಂದು ಕಲ್ಲಿನ ಮುಂದೆ ಕೂತಿರುತ್ತಾರೆ. ಕಲ್ಲಿನಿಂದ ಮನೆಯವರೆಗೆ ಗೋಡೆ ಹೋಗುತ್ತದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಮಾತು ಕಲ್ಲಿನೊಳಗೇ ಹರಿದು ಆ ಮನೆಯ ಬಾಗಿಲಿಗೆ ಮುಟ್ಟುತ್ತದೆ. ನಡುವೆ ಬೀದಿಯಲ್ಲಿ ನಿಂತವನಿಗೆ ಒಂದಕ್ಷರವೂ ಕೇಳಿಸುವುದಿಲ್ಲ.

ಪ್ರತಿ ಮನೆಗೂ ಲೆಕ್ಕವಿಲ್ಲದಷ್ಟು ಬಾಗಿಲು. ಗೋಡೆಯ ಒಂದೊಂದು ಸಾಲು ಕಲ್ಲೂ ಒಂದೊಂದು ಬಾಗಿಲಿಗೆ ಸೇರಿದ್ದು. ಈ ಸಾಲಿನಲ್ಲಿ ತಟ್ಟಿದರೆ ಹಾಲಿನ ಬಾಗಿಲು, ಆ ಸಾಲಿನಲ್ಲಿ ತಟ್ಟಿದರೆ ಊಟದ ಬಾಗಿಲು. ಊರಿನವರು ಬಟ್ಟಲು ಹಿಡಿದು ನಿಲ್ಲುವುದು ಎಂಬತ್ತನೆಯದರ ಮುಂದೆ. ದೂರದ ವ್ಯಾಪಾರಿಗಳು ಕಂಬಳಿ ಮುಸುಕು ಹಾಕಿಕೊಂಡು ಮಾತಾಡುವುದಕ್ಕೆ ಬೇರೆ ಒಂದು ಮುಸುಕಿನ ಬಾಗಿಲು. ಹೇಳುವವರ ಪಿಸುಮಾತಿಗೆ ಇಪ್ಪತ್ತೆರಡನೆಯದು. ಎಲ್ಲ ಮನೆಗೂ ಇಪ್ಪತ್ತೆರಡನೆಯದೇ. ಗುಟ್ಟಿನ ಬಾಗಿಲು ಯಾವುದೆಂದು ಊರಿಗೆಲ್ಲ ಗೊತ್ತಿದ್ದ ಮೇಲೆ ಅದೆಂಥ ಗುಟ್ಟು ಅಂತ ನೀವು ಕೇಳಬಹುದು. ಅವರು ಕೇಳಿಕೊಂಡಿರಲಿಲ್ಲ.

ಬಾಗಿಲು ಉತ್ತರ ಕೊಡುವುದರಲ್ಲಿ ಎರಡು ಬಗೆ ಇತ್ತು. ತಟ್ಟಿದ ಕೂಡಲೇ ಬಾಗಿಲ ಹಲಗೆ ತಾನೇ ಗುದ್ದಿ 'ಇಲ್ಲ, ಹೋಗು' ಅನ್ನುವ ಹಾಗೆ ಸದ್ದು ಮಾಡಿದರೆ ಅದು ಒಂದು. ಹಾಗೆ ಅಂದರೆ ಭಯವಿಲ್ಲ. ದಾರಿ ಸರಿಯಾಗಿದೆ, ಮನೆ ನಿಂತಿದೆ, ಆ ಬಾಗಿಲ ಹಿಂದೆ ಮಾತ್ರ ಯಾರೂ ಕೂತಿಲ್ಲ ಅಂತ ಅರ್ಥ. ಬೈದ ಬಾಗಿಲು ಬದುಕಿರುತ್ತದೆ ಎಂದು ಆ ಊರಿನ ಗಾದೆ. ಇನ್ನೊಂದು ಬಗೆ, ಮೌನ. ತಟ್ಟುತ್ತೀರಿ, ಕಾಯುತ್ತೀರಿ, ಏನೂ ಬರುವುದಿಲ್ಲ. ತಟ್ಟಿದ್ದು ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ನಡುವೆ ಯಾರೋ ಅದನ್ನು ನುಂಗಿರಬೇಕು, ಅಥವಾ ಮನೆಯೇ ನುಂಗಿರಬೇಕು. ಹೇಳುವವರು ಬೈಗುಳಕ್ಕೆ ಹೆದರುತ್ತಿರಲಿಲ್ಲ, ಮೌನಕ್ಕೆ ಹೆದರುತ್ತಿದ್ದರು.

ಹೆಪ್ಪಿನ ಮನೆಗೆ ಹೇಳುತ್ತಿದ್ದವಳು ಒಬ್ಬಳು ಅಕ್ಕ. ಒಳಗೆ ಮಾಡುತ್ತಿದ್ದವನು ಅವಳ ತಮ್ಮ. ಊರಿನಲ್ಲಿ ಯಾರ ಮನೆಯಲ್ಲಿ ಹಾಲು ಹೆಪ್ಪುಗಟ್ಟಬೇಕಾದರೂ ಹೆಪ್ಪು ಬರಬೇಕಾದದ್ದು ಆ ಒಂದು ಮನೆಯಿಂದ. ತಮ್ಮ ಹದಿಹರೆಯದಲ್ಲೇ ಚೀಟಿ ಎತ್ತಿ ಒಳಗೆ ಹೋದ. ಅಕ್ಕ ಊರಿನ ಯಜಮಾನನ ಮುಂದೆ ಕೂತು ಹಟ ಹಿಡಿದು, ಆ ಮನೆಗೆ ಹೇಳುವವಳು ತಾನೇ ಆಗುತ್ತೇನೆ ಅಂದಳು. ಆಗಲಿ ಎಂದರು. ಆವತ್ತಿನಿಂದ ಅವಳು ಆ ಮನೆಯ ದಿಕ್ಕಿಗೆ ನಡೆದವಳಲ್ಲ. ನೋಡಿದ ಮನೆಗೆ ಮತ್ತೆ ಹೇಳುವ ಹಾಗಿಲ್ಲ.

ಬೆಳಿಗ್ಗೆ ಅವಳು ಇಪ್ಪತ್ತೆರಡನೆಯ ಸಾಲಿನ ಮೇಲೆ ತಟ್ಟುತ್ತಾಳೆ. ಗೋಡೆ ಮೊದಲು ಆ ಮನೆಯ ಗುರುತು ಕೊಡುತ್ತದೆ: ಒಂದು ಉದ್ದ ಬಡಿತ, ಒಂದು ಗಿಡ್ಡ ಬಡಿತ, ಕೊನೆಗೆ ಉಗುರಿನಿಂದ ಗೀರಿದ ಸದ್ದು. ತಮ್ಮ ಚಿಕ್ಕವನಿದ್ದಾಗ ಊಟ ತಡವಾದರೆ ತಟ್ಟೆಯ ಅಂಚಿನ ಮೇಲೆ ಹೀಗೇ ಬಾರಿಸುತ್ತಿದ್ದ. ಗುರುತು ಸಿಕ್ಕ ಮೇಲೆ ಅವಳು ತನ್ನ ಗುಟ್ಟಿನ ಮಾತು ಹೇಳುತ್ತಾಳೆ, ಬಾಗಿಲು ತೆರೆಯುತ್ತದೆ. ಆಮೇಲೆ ಆ ದಿನದ ಕೆಲಸ. ಹಾಲು ಒಳಗೆ ತೆಗೆದುಕೋ. ಉಗುರು ಬೆಚ್ಚಗೆ ಮಾಡು. ಹಳೆಯದರಿಂದ ಹೊಸದಕ್ಕೆ ಹಾಕು. ಬಟ್ಟಲಿಗೆ ಬಡಿಸು. ಬಂದ ಊಟ ಮಾಡು. ಅವನು ಹೇಳಿದಷ್ಟನ್ನು ಮಾಡುತ್ತಾನೆ, ಹೇಳದ್ದನ್ನು ಮಾಡುವುದಿಲ್ಲ. ಒಮ್ಮೆ ಹೇಳಿ ವಾಪಸು ತೆಗೆದುಕೊಳ್ಳದ ಮಾತನ್ನು ದಿನವೂ ಮಾಡುತ್ತಲೇ ಇರುತ್ತಾನೆ.

ವಾಪಸು ತೆಗೆದುಕೊಳ್ಳದ ಮಾತು ಒಂದಿತ್ತು. ಮೊದಲನೆಯ ದಿನ ಅವಳಿಗೆ ತಮ್ಮನ ದನಿ ಕೇಳಬೇಕು ಅನಿಸಿತು. ಅನಿಸಿದ್ದು ತಪ್ಪಲ್ಲ. ಗೋಡೆ ಅವಳ ಮಾತನ್ನು ಒಯ್ಯುತ್ತಿತ್ತೇ ಹೊರತು ಅವನ ದನಿಯನ್ನು ತರುತ್ತಿರಲಿಲ್ಲ. ಆ ಮನೆಯ ಹಿಂಭಾಗದಲ್ಲಿ ಬಚ್ಚಲ ನೀರು ಹೋಗುವ ಒಂದು ಕಿಂಡಿ ಉಂಟು, ಅದಕ್ಕೆ ಒಳಗಿನಿಂದ ಎತ್ತುವ ಮುಚ್ಚಳ ಉಂಟು ಎಂದು ಅವಳು ಕೇಳಿದ್ದಳು. 'ದಿನಾ ದೀಪ ಹಚ್ಚೋ ಹೊತ್ತಿಗೆ ಆ ಮುಚ್ಚಳ ಎತ್ತಿ, ಅಕ್ಕಾ ಇದ್ದೀಯಾ ಅಂತ ಕೂಗು' ಎಂದು ಪಿಸುಗುಟ್ಟಿದಳು. ತನ್ನ ಮನೆಯಂಗಳದಲ್ಲಿ ನಿಂತು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಕೆಲವು ಸಂಜೆ ಹಾಗೇ ನಿಂತಳು. ಅಷ್ಟು ದೂರಕ್ಕೆ ಹೇಗೆ ಕೇಳಿಸೀತು? ಮದುವೆ, ಮಕ್ಕಳು, ಮನೆವಾರ್ತೆ ಅಂತ ಆಮೇಲೆ ಅವಳು ಅದನ್ನು ಮರೆತುಬಿಟ್ಟಳು.

ಹೀಗಿರುವಾಗ ಊರಿಗೆ ತಡಕುವವರು ಬಂದರು. ಯಾವ ಕಡೆಯವರೋ ಗೊತ್ತಿಲ್ಲ. ಎಲ್ಲ ಗೋಡೆಗಳ ಇಪ್ಪತ್ತೆರಡನೆಯ ಸಾಲಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅವರ ಬೆರಳು ಓಡುತ್ತಿದ್ದವು. 'ನಾನು ಯಜಮಾನ' ಅನ್ನುತ್ತಿದ್ದರು. ತೆಗೆಯದಿದ್ದರೆ 'ನಾನು ನಿನ್ನಕ್ಕ' ಅನ್ನುತ್ತಿದ್ದರು. ಬಾಯಿಗೆ ಬಂದ ಗುಟ್ಟಿನ ಮಾತೆಲ್ಲ ಹೇಳಿ ನೋಡುತ್ತಿದ್ದರು. ಉಪ್ಪಿನ ಮನೆಯವನು ಒಂದು ದಿನ ಮೋಸಹೋಗಿ ಊರಿನ ಉಪ್ಪನ್ನೆಲ್ಲ ನೀರಿಗೆ ಸುರಿದ.

ಯಜಮಾನ ಕಟ್ಟೆಯ ಮೇಲೆ ನಿಂತು ಹೇಳಿದ: "ನಿಮ್ ನಿಮ್ ಮನೆ ಬಾಗ್ಲು ನೀವೇ ಭದ್ರ ಮಾಡ್ಕೊಳಿ. ಗೋಡೆ ಉದ್ದಕ್ಕೂ ಕೂರಿಸಿರೋ ಕಾವಲುಗಾರ್ರ ಕೈಗೂ ಹಸಿ ಗೋಣಿ ಕೊಟ್ಟಿದೀನಿ. ಅನುಮಾನ ಬಂದ್ರೆ ಗೋಡೆಗೆ ಒತ್ತಲಿ."

ಹಸಿ ಗೋಣಿಯನ್ನು ಗೋಡೆಗೆ ಒತ್ತಿದರೆ ಯಾವ ಬಡಿತವೂ ಮುಂದೆ ಹೋಗುವುದಿಲ್ಲ. ಗೋಣಿಯೊಳಗೇ ಇಂಗಿಹೋಗುತ್ತದೆ.

ಕೆಲವು ಬುದ್ಧಿವಂತರು ಪಿಸುಮಾತನ್ನು ಯಾರಿಗೂ ಗೊತ್ತಿಲ್ಲದ ಬೇರೆ ಸಾಲಿಗೆ ಬದಲಿಸಿಕೊಂಡರು. ನಾಳೆಯಿಂದ ಆ ಬಾಗಿಲಲ್ಲಿ ಕೂತಿರು ಎಂದು ಒಳಗಿನವನಿಗೆ ಮೊದಲೇ ಹೇಳಿ, ಅವನು ಅಲ್ಲಿ ಕೂತದ್ದನ್ನು ಖಚಿತ ಮಾಡಿಕೊಂಡು, ಆಮೇಲೆ ಹಳೆಯದನ್ನು ಮುಚ್ಚಿಸಿದರು. ಅಕ್ಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹಿಂದಿನ ದಿನವೇ ಯಾರೋ ಅವಳ ದನಿಯನ್ನು ಅಣಕಿಸಿ ತಮ್ಮನನ್ನು ಕರೆದಿದ್ದರು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಗೋಡೆಗೆ ಬಾಯಿಟ್ಟಳು.

"ಎಲ್ಲಾ ಬಾಗ್ಲೂ ಹಾಕು. ಯಾರು ತಟ್ಟಿದ್ರೂ ಸುಮ್ನಿರು."

ಇಷ್ಟು ಹೇಳಿ ಉಸಿರು ತೆಗೆದುಕೊಂಡಳು. ಪಕ್ಕದಲ್ಲಿದ್ದ ಚೆಂಬಿನಿಂದ ಒಂದು ಗುಟುಕು ನೀರು ಕುಡಿದಳು. ನನ್ನ ಬಾಗಿಲು, ಹಾಲಿನ ಬಾಗಿಲು, ನೀರಿನ ಬಾಗಿಲು, ಊಟದ ಬಾಗಿಲು, ಬಟ್ಟಲಿನ ಬಾಗಿಲು ಬಿಟ್ಟು ಅನ್ನುವುದು ಇನ್ನೂ ಅವಳ ಬಾಯಲ್ಲೇ ಇತ್ತು. ಮತ್ತೆ ಗೋಡೆಗೆ ತುಟಿಯಿಟ್ಟಾಗ ಗೋಡೆ ತಣ್ಣಗಿತ್ತು. ತಟ್ಟಿದಳು. ಗುರುತು ಬರಲಿಲ್ಲ. ಬೈಗುಳವೂ ಬರಲಿಲ್ಲ.

ಅವಳು ಮಾಡಿದ ಮೊದಲ ಕೆಲಸವೆಂದರೆ ಕಾವಲುಗಾರನನ್ನು ಬೈದದ್ದು. "ಹಾಳಾದವನು, ಈಗ್ಲೇ ಗೋಣಿ ಒತ್ತಬೇಕಿತ್ತಾ!" ಅಂದಳು.

ಪಕ್ಕದ ಕಲ್ಲಿನ ಮುಂದೆ ನೂಲಿನ ಮನೆಗೆ ಹೇಳುವ ಮುದುಕಿ ಕೂತಿದ್ದಳು. ಎಲೆಯಡಿಕೆ ಹಾಕಿಕೊಂಡು ತನ್ನ ಪಾಡಿಗೆ ಪಿಸುಗುಟ್ಟುತ್ತಿದ್ದವಳು ಈ ಕಡೆ ತಿರುಗಿದಳು.

"ನನ್ ಗೋಡೆ ಮಾತಾಡ್ತಾ ಐತಲ್ಲೇ. ನನಗಿಲ್ದಿರೋ ಗೋಣಿ ನಿನಗ್ಯಾಕವ್ವಾ?"

"ನಿಂದು ಬೇರೆ ಬೀದಿ ಅಜ್ಜಿ. ನಂದು ದೊಡ್ಡ ಬೀದಿ ದಾಟಿ ಹೋಗ್ಬೇಕು."

"ಹಂಗಾ. ಸರಿ ಬಿಡು," ಅಂದಳು ಮುದುಕಿ. ನಂಬಿದ ಹಾಗೆ ಕಾಣಲಿಲ್ಲ.

ಮರುದಿನವೂ ಮೌನ. ಅದರ ಮರುದಿನವೂ ಮೌನ. ಎಂಬತ್ತನೆಯ ಬಾಗಿಲ ಮುಂದೆ ಬಟ್ಟಲು ಹಿಡಿದು ನಿಂತವರು ಬರಿಗೈಯಲ್ಲಿ ಬಂದರು. ಹಾಲಿನವರು ಹಾಲನ್ನು ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದರು. ಊಟದ ಬುಟ್ಟಿ ಬಾಗಿಲ ಮುಂದೆ ನಾಯಿ ಪಾಲಾಯಿತು. ಊರಿನಲ್ಲಿ ಹಾಲು ಹಾಲಾಗಿಯೇ ಉಳಿದು, ಆಮೇಲೆ ಒಡೆದು, ಬೀದಿಯೆಲ್ಲ ಹುಳಿ ವಾಸನೆ.

ಯಜಮಾನ ತಾನೇ ಕಲ್ಲಿನ ಹತ್ತಿರ ಬಂದ. "ಹೆಪ್ಪಿನ ಗತಿ ಏನಮ್ಮಾ?" ಅಂದ.

"ಒಳಗೆ ನನ್ ತಮ್ಮ ಉಪವಾಸ ಇದಾನೆ."

"ಅದು ಸರಿ. ದಿನಾ ಹೊಸ ಹಾಲು ಬೀಳ್ದಿದ್ರೆ ಹೆಪ್ಪು ಸಾಯತ್ತೆ. ಸತ್ರೆ ಮತ್ತೆ ಎಲ್ಲಿಂದ ತರೋಣ?"

"ಅವನ ಸುತ್ತ ಮೊಸರಿನ ಮಡಕೆ ಇದಾವೆ. ಆದ್ರೆ ತಿನ್ನು ಅಂತ ನಾನು ಹೇಳಿಲ್ಲ. ಹೇಳ್ದೆ ಅವನು ಮುಟ್ಟಲ್ಲ."

"ಮುಟ್ಟಲೂಬಾರದು," ಅಂದ ಯಜಮಾನ. "ಒಳ್ಳೆ ಹುಡುಗ."

ಗೋಡೆ ಒಡೆದು ಒಳಗೆ ಹೋಗೋಣ ಎಂದು ಅಕ್ಕ ಕೇಳಿದಳು. ಯಜಮಾನ ಕಿವಿ ಮುಚ್ಚಿಕೊಂಡ. ಒಂದು ಕಡೆ ಗೋಡೆ ಒಡೆದರೆ ಊರಿನ ಪಿಸುಮಾತೆಲ್ಲ ಆ ತೂತಿನಿಂದ ಸೋರಿಹೋಗುತ್ತದೆ, ಎಲ್ಲರ ಗುಟ್ಟೂ ಬೀದಿಪಾಲಾಗುತ್ತದೆ ಅಂದ. ಅದು ನಿಜವೇ ಆಗಿತ್ತು. ಅಕ್ಕನಿಗೆ ಅವನ ಮೇಲೆ ಬಂದ ಸಿಟ್ಟೂ ನಿಜವೇ ಆಗಿತ್ತು.

ಅವಳು ಬೇರೆ ಸಾಲುಗಳನ್ನು ತಟ್ಟಿ ನೋಡಿದಳು. ಹಾಲಿನ ಸಾಲು ಮೌನ. ಊಟದ ಸಾಲು ಮೌನ. ಯಾವ ಬಾಗಿಲೂ ಬೈಯಲಿಲ್ಲ. ಕೊನೆಗೆ ಮುಸುಕಿನ ಬಾಗಿಲು ನೆನಪಾಯಿತು. ವ್ಯಾಪಾರ ನಿಂತರೆ ಊರು ನಿಲ್ಲುತ್ತದೆಂದು ಆ ಸಾಲಿಗೆ ಯಾವ ಕಾವಲುಗಾರನೂ ಗೋಣಿ ಒತ್ತುವುದಿಲ್ಲ. ತಲೆಗೆ ಕಂಬಳಿ ಹಾಕಿಕೊಂಡು ಆ ಸಾಲಿನಲ್ಲಿ ತಟ್ಟಿದಳು.

ತಟ್ಟಿದ ಕೂಡಲೇ ಉತ್ತರ ಬಂತು. "ಹೇಳವ್ವಾ," ಅಂತು ಗೋಡೆ. "ನಾನೇ. ಕಾಯ್ತಾ ಇದ್ದೆ. ನಿನ್ ಗುಟ್ಟಿನ ಮಾತು ಒಂದ್ಸಲ ಹೇಳ್ಬಿಡು, ಎಲ್ಲಾ ತೆಗೀತೀನಿ."

ಗುಟ್ಟಿನ ಮಾತಿನ ಮೊದಲ ಅಕ್ಷರ ನಾಲಗೆಯ ಮೇಲೆ ಬಂದೇಬಿಟ್ಟಿತು. ಆದರೆ ಉದ್ದ ಬಡಿತ ಬಂದಿರಲಿಲ್ಲ, ಗಿಡ್ಡ ಬಡಿತ ಬಂದಿರಲಿಲ್ಲ, ಉಗುರು ಗೀರಿದ ಸದ್ದು ಇರಲಿಲ್ಲ. ಗೋಡೆ ಎಂದಾದರೂ ಹೀಗೆ ಮಾತಾಡಿದ್ದುಂಟೇ? ನಡುದಾರಿಯಲ್ಲಿ ತಡಕುವವರು ಯಾರೋ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಅದು ಅವಳಿಗೆ ಗೊತ್ತಾಯಿತು, ಗೊತ್ತಾದ ಮೇಲೂ ಒಂದು ಗಳಿಗೆ ನಂಬಿಬಿಡೋಣ ಅನಿಸಿತು. ತಮ್ಮ ಬದುಕಿದ್ದಾನೆ ಅಂತ ಯಾರು ಹೇಳಿದರೂ ಅವಳಿಗೆ ಬೇಕಾಗಿತ್ತು. ಅವಳು ಕಂಬಳಿ ತೆಗೆದು ಕಲ್ಲಿನ ಮುಂದಿನಿಂದ ಎದ್ದಳು.

"ಅಜ್ಜೀ, ನನ್ ಕಲ್ಲಿನ ಇಪ್ಪತ್ತೆರಡನೇ ಸಾಲು ಬಡೀತಾ ಇರ್ತೀಯಾ? ನಿಲ್ಲಿಸ್ಬೇಡ. ನಾನು ಬಡಿತದ ಹಿಂದೆ ಹೋಗ್ತೀನಿ. ಎಲ್ಲಿ ಸಾಯತ್ತೋ ನೋಡ್ತೀನಿ."

ಮುದುಕಿ ಅವಳ ಮುಖ ನೋಡಿದಳು. "ಎಲ್ಲೀವರ್ಗೂ ಹೋಗ್ತೀಯಾ? ಮನೆ ಕಂಡ್ರೆ ನಿನ್ ಕಲ್ಲು ಹೋಯ್ತು, ಗೊತ್ತಲ್ಲ?"

"ಅಲ್ಲೀವರ್ಗೂ ಹೋಗಲ್ಲ. ಕಾವಲುಗಾರನ ಹತ್ರನೇ ಸಾಯತ್ತೆ, ನೋಡ್ತಿರು."

ಮುದುಕಿ ಕುಟ್ಟಾಣಿ ಎತ್ತಿಕೊಂಡು ಬಡಿಯತೊಡಗಿದಳು. ಅಕ್ಕ ಗೋಡೆಗೆ ಕಿವಿಯಿಟ್ಟುಕೊಂಡು ನಡೆದಳು. ಗೋಡೆಯ ಪಕ್ಕದಲ್ಲಿ ಮುಳ್ಳಿತ್ತು, ಚರಂಡಿಯಿತ್ತು, ಕಟ್ಟಿಹಾಕಿದ ಎಮ್ಮೆಗಳಿದ್ದವು. ಜನ ನಿಂತು ನೋಡಿದರು. ಕಿವಿಯೊಳಗೆ ಠಕ್, ಠಕ್, ಠಕ್.

ಮೊದಲ ಕಾವಲುಕಟ್ಟೆ ಬಂತು. ಕಾವಲುಗಾರ ಗೋಡೆಗೆ ಒರಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಅವಳು ಜಗಳಕ್ಕೇ ನಿಂತಳು.

"ನನ್ ಗೋಡೆಗೆ ಗೋಣಿ ಒತ್ತಿ ನನ್ ತಮ್ಮನ್ನ ಕೊಲ್ತಾ ಇದೀಯಲ್ಲೋ!"

ಅವನು ಮೇಲೇಳಲಿಲ್ಲ. ಪಕ್ಕದ ಗೂಟಕ್ಕೆ ಸಿಕ್ಕಿಸಿದ್ದ ಗೋಣಿಯನ್ನು ತೆಗೆದು ಅವಳ ಕೈಗೆ ಕೊಟ್ಟ. ಗೋಣಿ ಒಣಗಿ ಕಟಕಟ ಅನ್ನುತ್ತಿತ್ತು. "ಕೊಟ್ಟ ದಿನದಿಂದ ಇದಕ್ಕೆ ನೀರು ಮುಟ್ಸಿಲ್ಲ ಕಣಮ್ಮ. ನೀರು ಹೊತ್ತು ತರೋರ್ಯಾರು?" ಅಂದ. ಆಮೇಲೆ ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡು, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದ.

ಅವಳು ಕಟ್ಟೆಯ ಆಚೆ ಗೋಡೆಗೆ ಕಿವಿಯಿಟ್ಟಳು. ಠಕ್, ಠಕ್. ಬಡಿತ ಅವನನ್ನು ದಾಟಿ ಮುಂದೆ ಹೋಗುತ್ತಲೇ ಇತ್ತು.

ಮುಂದಿನ ಕಟ್ಟೆಯಲ್ಲಿ ಕಾವಲುಗಾರನೇ ಇರಲಿಲ್ಲ. ಗೋಣಿ ಮಡಿಸಿದ ಹಾಗೇ ಇತ್ತು. ಬಡಿತ ಅದನ್ನೂ ದಾಟಿತು. ಸಂತೆ ಬೀದಿ ದಾಟಿತು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಕಂಬಳಿ ಮುಸುಕಿನ ಒಬ್ಬನನ್ನು ದಾಟಿತು. ಅವನು ಅವಳನ್ನು ನೋಡಿ ನಕ್ಕ, ಅವಳು ಉಗಿದಳು. ಬಡಿತ ಎಲ್ಲಿಯೂ ಸಾಯಲಿಲ್ಲ. ಪ್ರತಿ ತಿರುವಿನಲ್ಲೂ ಇಲ್ಲಿ ಸತ್ತರೆ ಸಾಕು, ಇಲ್ಲಿ ಸತ್ತರೆ ಇವನದೇ ತಪ್ಪು ಎಂದು ಅವಳು ಅಂದುಕೊಂಡಳು. ತಿರುವು ಮುಗಿದ ಮೇಲೂ ಠಕ್, ಠಕ್.

ಕೊನೆಯ ತಿರುವಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಯೇ ಗೋಡೆ ಹಿಡಿದು ನಡೆದಳು. ಬಡಿತ ಇತ್ತು, ಇತ್ತು, ಒಂದು ಹೆಜ್ಜೆಯ ಆಚೆ ಇರಲಿಲ್ಲ. ಕೈಗೆ ಗೋಡೆಯ ಕಲ್ಲು ತಪ್ಪಿ ಮರದ ಹಲಗೆ ಸಿಕ್ಕಿತು.

ಅವಳು ಕಣ್ಣು ಬಿಟ್ಟಳು. ಮನೆ ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಸುಣ್ಣ ಉದುರಿತ್ತು. ಸಾಲು ಸಾಲು ಬಾಗಿಲು, ಎಲ್ಲವೂ ಮುಚ್ಚಿದ್ದವು. ಒಂದೊಂದು ಬಾಗಿಲ ಸಂದಿಯಲ್ಲೂ ಒಳಗಿನಿಂದ ಒದ್ದೆ ಮರಳಿನ ಮೂಟೆ ಒತ್ತಿ, ನಡುವೆ ಬೆರಳೂ ತೂರದ ಹಾಗೆ ಸಂದಿಗೊಂದಿಗೆಲ್ಲ ಬಟ್ಟೆ ತುರುಕಿ ಯಾರೋ ಬಹಳ ಅಚ್ಚುಕಟ್ಟಾಗಿ ಭದ್ರ ಮಾಡಿದ್ದರು. ತಡಕುವವರಿಗೆ ಅಷ್ಟು ಅಚ್ಚುಕಟ್ಟುತನ ಎಲ್ಲಿಂದ ಬರಬೇಕು? ಕಾವಲುಗಾರರಿಗೆ ಎಲ್ಲಿಂದ ಬರಬೇಕು? ಇದು ಹೇಳಿದ ಮಾತನ್ನು ಪ್ರೀತಿಯಿಂದ ಮಾಡಿದವನ ಕೆಲಸ. ಎಲ್ಲಾ ಬಾಗಿಲೂ ಹಾಕು, ಯಾರು ತಟ್ಟಿದರೂ ಸುಮ್ಮನಿರು.

ಕಾಲ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಅಂತ ಒಂದು ಮಾತಿದೆ. ಇವಳು ಎಳೆದದ್ದು ತಮ್ಮನ ಕಾಲ ಮೇಲೆ. ನನ್ನ ಬಾಗಿಲು ಬಿಟ್ಟು ಎಂದು ಮೊದಲು ಹೇಳಿ, ಎಲ್ಲವನ್ನೂ ಹಾಕು ಎಂದು ಆಮೇಲೆ ಹೇಳಿದ್ದರೆ ಆಗುತ್ತಿತ್ತು. ಒಂದು ಗುಟುಕು ನೀರಿನಷ್ಟು ಹಿಂದುಮುಂದು. ಅವಳು ಬಾಗಿಲನ್ನು ಕೈಯಿಂದ ಗುದ್ದಿದಳು, ಹಣೆಯಿಂದ ಗುದ್ದಿದಳು. ಅವನ ಹೆಸರು ಹಿಡಿದು ಕರೆದಳು. ಮರಳು ಎಲ್ಲವನ್ನೂ ಕುಡಿಯಿತು. ಒಳಗಿನವನು ಕೇಳಿಸಿಕೊಂಡರೂ ಸುಮ್ಮನಿರುತ್ತಿದ್ದ, ಯಾಕೆಂದರೆ ಅಕ್ಕ ಹಾಗೆ ಹೇಳಿದ್ದಳು. ಅವಳು ಅಲ್ಲೇ ಜಗಲಿಯ ಕೆಳಗೆ ಕೂತು ಅತ್ತಳು.

ಹೇಳುವವರು ದೀಪ ಹಚ್ಚುವ ಹೊತ್ತಿಗೆ ಮುಂಚೆ ಮನೆ ಸೇರಬೇಕು. ಅವಳು ಸೇರಲಿಲ್ಲ. ಹೋಗುವುದಕ್ಕೆ ಕಲ್ಲಿರಲಿಲ್ಲ, ಕಾಣಬಾರದ್ದನ್ನು ಕಂಡಾಗಿತ್ತು. ಎಲ್ಲಿಯಾದರೂ ಒಂದು ಬಿರುಕು ಸಿಕ್ಕೀತೆಂದು ಮನೆಯನ್ನು ಸುತ್ತು ಹಾಕಿದಳು. ಹಿಂಭಾಗದಲ್ಲಿ ಲಂಟಾನದ ಮುಳ್ಳುಪೊದೆ ಬೆಳೆದು ಯಾರೂ ಓಡಾಡದ ಓಣಿ. ಅಲ್ಲಿ ನೆಲದ ಹತ್ತಿರ ಬಚ್ಚಲ ಕಿಂಡಿ, ಅದಕ್ಕೆ ಮರದ ಮುಚ್ಚಳ. ಎಳೆದು ನೋಡಿದಳು. ಹೊರಗಿನಿಂದ ಬರುವ ಹಾಗಿರಲಿಲ್ಲ. ಊರಿನಲ್ಲಿ ಒಂದೊಂದಾಗಿ ದೀಪ ಹತ್ತಿದವು.

ಉಗುರು ಗೀರಿದ ಸದ್ದು ಕೇಳಿಸಿತು.

ಮುಚ್ಚಳ ಒಳಗಿನಿಂದ ಮೇಲೆದ್ದಿತು. ಒಂದು ಗೇಣು ಕತ್ತಲೆ, ಹುಳಿ ಮೊಸರಿನ ವಾಸನೆ. ಆ ಕತ್ತಲೆಯಿಂದ ದನಿ ಬಂತು.

"ಅಕ್ಕಾ, ಇದ್ದೀಯಾ?"

ಅದು ಅವಳು ನೆನಪಿಟ್ಟುಕೊಂಡ ದನಿಯಲ್ಲ. ಒಳಗೆ ಹೋದವನು ಗಂಟಲು ಒಡೆಯುತ್ತಿದ್ದ ಹುಡುಗ. ಇದು ನಡುವಯಸ್ಸಿನವನ ದನಿ. ಸೊರಗಿತ್ತು, ನೀರಿಲ್ಲದೆ ಒಣಗಿತ್ತು. ಆದರೆ ಮಾತಿನಲ್ಲಿ ಏನೂ ಬದಲಾಗಿರಲಿಲ್ಲ. ಕಿಂಡಿಯ ಎದುರಿನ ಲಂಟಾನದ ಮೇಲೆ ಕೂತಿದ್ದ ಕಾಗೆಗಳು ಕದಲಲೂ ಇಲ್ಲ. ಅವಕ್ಕೆ ಅಭ್ಯಾಸವಾಗಿತ್ತು. ಇಷ್ಟು ವರ್ಷ, ದಿನವೂ ದೀಪ ಹಚ್ಚುವ ಹೊತ್ತಿಗೆ ಅವನು ಮುಚ್ಚಳ ಎತ್ತಿ ಇದೇ ಮಾತನ್ನು ಕೇಳಿದ್ದ. ಇಷ್ಟು ವರ್ಷ ಓಣಿಯಲ್ಲಿ ಯಾರೂ ಇರಲಿಲ್ಲ. ಎಲ್ಲ ಬಾಗಿಲು ಹಾಕು ಅಂದಾಗಲೂ ಅವನು ಇದನ್ನು ಹಾಕಿರಲಿಲ್ಲ. ಹೊರಗಿನವರು ತಟ್ಟುವ ಬಾಗಿಲುಗಳಷ್ಟನ್ನೇ ಅವಳು ಹಾಕಿಸಿದ್ದಳು. ಒಳಗಿನಿಂದ ಕೂಗು ಅಂದದ್ದನ್ನು ವಾಪಸು ತೆಗೆದುಕೊಂಡಿರಲಿಲ್ಲ. ಮರೆತಿದ್ದಳು, ಅಷ್ಟೆ.

"ಇದ್ದೀನಿ ಕಣೋ," ಅಂದಳು.

ಕೇಳು ಅಂತ ಅವಳು ಹೇಳಿದ್ದಳು, ಉತ್ತರ ಬಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಅವನು ಅದೇ ದನಿಯಲ್ಲಿ ಮತ್ತೆ ಕೇಳಿದ. "ಅಕ್ಕಾ, ಇದ್ದೀಯಾ?"

"ಇದ್ದೀನಿ. ಇಲ್ಲೇ ಇದ್ದೀನಿ. ಮುಚ್ಚಳ ಬಿಡ್ಬೇಡ."

ಈ ಊರಿನಲ್ಲಿ ಯಾರೂ ಕಟ್ಟಳೆ ಮಾಡದಿದ್ದರೂ ನಡೆದುಬಂದ ಒಂದು ಪದ್ಧತಿ ಉಂಟು. ಒಳಗಿನಿಂದ ಹೊರಟ ಮಾತಿಗೆ ಹೊರಗಿನಿಂದ ಬಂದ ಮರುಮಾತನ್ನು ಯಾವ ಮನೆಯೂ ತಡೆಯುವುದಿಲ್ಲ. ಅಷ್ಟೂ ಇಲ್ಲದಿದ್ದರೆ ಅದು ಮನೆಯಲ್ಲ, ಗೋರಿ. ಅವಳು ನೆಲಕ್ಕೆ ಮುಖವಿಟ್ಟು ಕಿಂಡಿಗೆ ಬಾಯಿಟ್ಟಳು. ಗುಟ್ಟಿನ ಮಾತು ಹೇಳಿದಳು. ಈ ಸಲ ಅವಳು ಉಸಿರು ತೆಗೆದುಕೊಳ್ಳುವ ಮೊದಲೇ ಯೋಚಿಸಿದಳು.

"ಕೇಳಿಸ್ಕೋ. ಕೊನೇ ಮಡಕೆಯಿಂದ ಒಂದು ಮಿಳ್ಳೆಯಷ್ಟು ಹೆಪ್ಪು ಎತ್ತಿಡು. ಎತ್ತಿಟ್ಯಾ? ಇಟ್ಟ ಮೇಲೆ ಉಳಿದ ಮೊಸರನ್ನ ತಿನ್ನು. ಹೊಟ್ಟೆ ತುಂಬೋ ತನಕ ತಿನ್ನು."

ಬಹಳ ಹೊತ್ತು ತಿನ್ನುವ ಸದ್ದು. ಅವಳು ಅದನ್ನು ಕೇಳುತ್ತ ಹಾಗೇ ಮಲಗಿದ್ದಳು.

"ಆಯ್ತಾ? ಈಗ ಹಾಲಿನ ಬಾಗ್ಲು ತೆಗಿ. ನೀರಿನ ಬಾಗ್ಲು ತೆಗಿ. ಊಟದ್ದು ತೆಗಿ. ಬಟ್ಟಲಿನದು ತೆಗಿ. ಇಪ್ಪತ್ತೆರಡನೇದು ತೆಗಿ."

ಒಂದೊಂದೇ ಮೂಟೆ ಎಳೆಯುವ ಸದ್ದು ಮನೆಯ ಸುತ್ತ ಹೋಯಿತು. ಗೋಡೆಯೊಳಗೆ ಸಿಕ್ಕಿಕೊಂಡಿದ್ದ ಬಡಿತ ಒಳಗೆ ಹರಿಯಿತು. ಊರಿನ ಇನ್ನೊಂದು ತುದಿಯಲ್ಲಿ, ಹೊತ್ತು ಮೀರಿದರೂ ಮನೆಗೆ ಹೋಗದೆ ಕೈ ಸೋತು ಇನ್ನೂ ಕುಟ್ಟುತ್ತಿದ್ದ ಮುದುಕಿಗೆ ಮೂರು ಸದ್ದು ವಾಪಸು ಬಂದವಂತೆ: ಉದ್ದ, ಗಿಡ್ಡ, ಉಗುರು.

ಬೆಳಿಗ್ಗೆ ಊರಿನವರು ಬಟ್ಟಲು ಹಿಡಿದು ಬಂದರು. ಹೆಪ್ಪು ಉಳಿದಿತ್ತು. ಯಜಮಾನ ಅಕ್ಕನನ್ನು ಕರೆಸಿ, ಊರನ್ನು ಉಳಿಸಿದೆ ಎಂದು ಹೊಗಳಿ, ಮನೆಯನ್ನು ನೋಡಿದೆ ಎಂದು ಕಲ್ಲಿನಿಂದ ಇಳಿಸಿದ. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ. ಅವಳು ಸಂಜೆ ಲಂಟಾನದ ಓಣಿಗೆ ಹೋದಳು. ಅವನು ಕೇಳಿದ, ಅವಳು 'ಇದ್ದೀನಿ' ಅಂದಳು, ಮುಚ್ಚಳ ಬಿತ್ತು. ಅದರ ಮರುದಿನವೂ ಹಾಗೇ. ಅವನು ಹೇಳಿದ್ದನ್ನು ಮಾಡುವವನು, ಅವಳು ಹೇಳುವ ಅಧಿಕಾರ ಕಳೆದುಕೊಂಡವಳು. ಒಂದು ಪ್ರಶ್ನೆ, ಒಂದು ಉತ್ತರ. ಅವಳಿಗೆ ಅಷ್ಟೇ ಸಾಕಾಗಿತ್ತು.

ಕಲ್ಲಿಗೆ ಹೊಸಬ ಬಂದ. ಅಚ್ಚುಕಟ್ಟಿನ ಮನುಷ್ಯ. ಪಿಸುಮಾತನ್ನು ಮೊದಲು ಬೇರೆ ಬಾಗಿಲಿಗೆ ಬದಲಿಸಿ, ಅದು ಕೆಲಸ ಮಾಡುವುದನ್ನು ನೋಡಿಕೊಂಡು, ಆಮೇಲೆ ಇಪ್ಪತ್ತೆರಡನೆಯದನ್ನು ಮುಚ್ಚಿಸಿದ. ತಡಕುವವರು ಆ ಸಾಲನ್ನು ತಡಕಿ ತಡಕಿ ಬೇಸತ್ತು ಹೋದರು. ಹೊಸಬ ಹಳೆಯ ಮಾತುಗಳನ್ನೆಲ್ಲ ಕೆದಕಿ, ಬೇಕಾದ್ದನ್ನು ಇಟ್ಟು ಬೇಡದ್ದನ್ನು ವಾಪಸು ತೆಗೆದುಕೊಂಡ. ಅವನ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಮುದುಕಿ ಅಕ್ಕನನ್ನು ಬೀದಿಯಲ್ಲಿ ತಡೆದಳು. "ನಿನ್ ಸಂಜೆ ಮಾತನ್ನೂ ಅಳಿಸ್ಬುಟ್ಟ ಕಣವ್ವಾ. ಇನ್ಮೇಲೆ ಅದನ್ನ ಕೇಳ್ಬೇಡ ಅಂತ ಬೆಳಿಗ್ಗೆ ಗೋಡೆಗೆ ಹೇಳಿದ್ನ ನನ್ ಕಿವಿಯಾರೆ ಕೇಳ್ದೆ. ಯಾತಕ್ಕೂ ಬಾರದ ಮಾತು ಅಂದ. ನೀನು ಅಲ್ಲಿ ಹೋಗಿ ಮುಳ್ಳು ತುಳೀಬೇಡ."

ಅಕ್ಕ ತಲೆಯಾಡಿಸಿದಳು. ಮನೆಗೆ ಹೋದಳು. ಒಲೆ ಹಚ್ಚಲಿಲ್ಲ. ಸಂಜೆಯಾದಾಗ ಕಾಲು ತಾವಾಗಿಯೇ ಓಣಿಗೆ ಹೋದವು. ಊರಿನ ದೀಪಗಳು ಹತ್ತಿದವು. ಮುಚ್ಚಳ ಮುಚ್ಚಿಯೇ ಇತ್ತು. ಕಾಗೆಗಳು ಗೂಡಿಗೆ ಹೋಗುವುದಕ್ಕೆ ಎದ್ದವು. ಅವಳೂ ಸೀರೆಗೆ ಹತ್ತಿದ ಮುಳ್ಳು ಬಿಡಿಸಿಕೊಂಡು ಎದ್ದಳು.

ಉಗುರು ಗೀರಿದ ಸದ್ದು ಕೇಳಿಸಿತು. ಮುಚ್ಚಳ ಒಂದು ಗೇಣು ಎದ್ದಿತು, ಹಾಗೇ ನಿಂತಿತು. ಕೇಳಬೇಕಾದ ಮಾತನ್ನು ಒಳಗಿನವನಿಂದ ವಾಪಸು ತೆಗೆದುಕೊಂಡಿದ್ದರು, ಅವನು ಅದನ್ನು ಕೇಳುವ ಹಾಗಿರಲಿಲ್ಲ. ಕೊನೆಗೆ, ಹೊಸದಾಗಿ ಮಾತು ಕಲಿಯುವವನ ಹಾಗೆ ತಡೆದು ತಡೆದು ಅವನು ಬೇರೆ ಒಂದು ಪ್ರಶ್ನೆ ಕೇಳಿದ.

"ಅಕ್ಕಾ, ಊಟ ಆಯ್ತಾ?"

ಅದನ್ನು ಕೇಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.